ಇನ್ನೂರ ನಲವತ್ತು ಸ್ಲೀಪರುಗಳು

ಸುರಬಾಯ
11 ಫೆಬ್ರವರಿ 1974

ಪೂಜ್ಯ ಮಾವನವರಿಗೆ, ಅಳಿಯ ನುಸಿರ್ವಾನ್ ಮಾಡುವ ಸಲಾಮುಗಳು.

ಈ ಸುದ್ದಿಯನ್ನು ಅಮ್ಮನಿಗಿಂತ ಮೊದಲು ನಿಮಗೇ ತಿಳಿಸಬೇಕು ಅನ್ನಿಸಿತು. ಎರಡು ವರ್ಷದಿಂದ ನಾನು ಗೀಚಿ ಗೀಚಿ ಹರಿದೆಸೆಯುತ್ತಿದ್ದ, ರೈಲು ಹಳಿಯ ಕೆಳಗೆ ಅಡ್ಡಕ್ಕೆ ಹಾಸುವ ಉಕ್ಕಿನ ಸ್ಲೀಪರನ್ನು ಪರೀಕ್ಷೆಗೆ ಒಪ್ಪಿಕೊಂಡಿದ್ದಾರೆ. ನಮ್ಮ ಬಾಜಾ ತಿರ್ತಾ ಕಾರ್ಖಾನೆಯಲ್ಲಿ ಇನ್ನೂರ ನಲವತ್ತು ತಯಾರಾಗುತ್ತಿವೆ. ಮಾರ್ಚ್ ಮೊದಲ ವಾರದ ಹಡಗಿನಲ್ಲಿ ಪಾದಂಗ್‌ಗೆ ಬರುತ್ತವೆ, ಅಲ್ಲಿಂದ ಸೀದಾ ನಿಮ್ಮ ಕಯು ಲಿಮೋಗೆ.

ನಿಮ್ಮ ಘಾಟಿಯಲ್ಲಿ ಮರದ ಸ್ಲೀಪರನ್ನು ಗೆದ್ದಲು ಎಂಟು ವರ್ಷದಲ್ಲಿ ಮುಗಿಸಿಬಿಡುತ್ತದೆ. ಡಚ್ಚರು ಹಾಕಿಹೋದ ಕಬ್ಬಿಣದವು ಇನ್ನೂ ಗಟ್ಟಿಯಾಗಿವೆ, ನಿಜ. ಆದರೆ ಅವಕ್ಕೆ ಒಂಬತ್ತು ಮಿಲಿಮೀಟರ್ ದಪ್ಪದ ತಗಡು ಬೇಕು, ಅಷ್ಟು ಉಕ್ಕು ತರುವವರು ಯಾರು? ನನ್ನದು ಏಳು ಮಿಲಿಮೀಟರ್. ಬೋರಲು ಹಾಕಿದ ದೋಣಿಯ ಆಕಾರ. ಎರಡೂ ತುದಿಗಳನ್ನು ಸೌಟಿನಂತೆ ಕೆಳಕ್ಕೆ ಬಾಗಿಸಿದ್ದೇನೆ, ಜಲ್ಲಿಯನ್ನು ಕಚ್ಚಿ ಹಿಡಿಯಲಿ ಎಂದು. ಒಂದಕ್ಕೆ ನಲವತ್ತೊಂದು ಕಿಲೋ ತೂಕ. ಹಳೆಯದಕ್ಕೆ ಐವತ್ತಮೂರು. ಹೊರುವಾಗ ನಿಮ್ಮ ಗ್ಯಾಂಗಿನವರು ನನ್ನನ್ನು ಹರಸಬೇಕು.

ಪರೀಕ್ಷೆಗೆ ಕಯು ಲಿಮೋ ಇಳಿಜಾರೇ ಬೇಕು ಎಂದು ಹಟ ಹಿಡಿದವನು ನಾನು. ನಮ್ಮ ಮುಖ್ಯ ಎಂಜಿನಿಯರ್ ಹಂದೋಕೊ ಅವರು ಹುಬ್ಬು ಗಂಟಿಕ್ಕಿದರು. "ಅಲ್ಲಿ ಮಂದೋರ್ ಮೇಸ್ತ್ರಿ ನಿನ್ನ ಸೋದರಮಾವ ಅಲ್ವೇನಯ್ಯ? ನೆಂಟರ ಕೈಲಿ ಪರೀಕ್ಷೆ ಮಾಡ್ಸೋದಾ?" ಅಂದರು. "ಸಾರ್, ನಮ್ಮ ಮಾವನ್ನ ನೀವು ನೋಡಿಲ್ಲ. ಅಳಿಯನ ಸಾಮಾನು ಅಂದ್ರೆ ಇನ್ನೂ ಎರಡೇಟು ಜಾಸ್ತಿ ಹಾಕಿ ನೋಡ್ತಾರೆ" ಅಂದೆ. ನಕ್ಕು ಸಹಿ ಹಾಕಿದರು.

ನನ್ನ ನಕ್ಷೆಯ ಒಂದು ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಕೆಳಗೆ ಮೂಲೆಯಲ್ಲಿ ನನ್ನ ಹೆಸರಿದೆ, ನೋಡಿ.

ನಿಮ್ಮ ಅಳಿಯ,
ನುಸಿರ್ವಾನ್


ಕಯು ಲಿಮೋ
14 ಮಾರ್ಚ್ 1974

ಬುಯುಂಗ್,

ನಿನಗೆ ಇಪ್ಪತ್ತೊಂಬತ್ತು ವರ್ಷವಾದರೂ ನನಗೆ ನೀನು ಬುಯುಂಗನೇ, ಪುಟ್ಟ ಹುಡುಗನೇ. ಕಚೇರಿಯಲ್ಲಿ ಬೇರೆ ಏನಾದರೂ ಕರೆಯಲಿ.

ನಿನ್ನ ಕೂಸುಗಳು ಬಂದು ಇಳಿದವು. ಒಂದು ವಾರದಿಂದ ಹಾಸುತ್ತಿದ್ದೇವೆ. ತಾಲಿಬ್ ಗೊತ್ತಲ್ಲ, ನಮ್ಮ ಗ್ಯಾಂಗಿನಲ್ಲಿ ದಿನಾ ಸುತ್ತಿಗೆ ಹಿಡಿದು ಹಳಿ ಉದ್ದಕ್ಕೂ ನಡೆಯುವವನು. ಮೊದಲನೆಯದನ್ನು ಎತ್ತಿ ಬೆರಳಲ್ಲಿ ತಟ್ಟಿ, "ಮಂದೋರ್, ಇದು ಸ್ಲೀಪರ್ರೋ, ಬಿಸ್ಕತ್ ಡಬ್ಬಿ ಮುಚ್ಚಳಾನೋ?" ಅಂದ. ನಾನು ಬೈದೆ. "ಹಗುರಕ್ಕಿದ್ರೆ ನಿನ್ನ ಬೆನ್ನಿಗೇ ಒಳ್ಳೇದಲ್ವೇನೋ" ಅಂದೆ. "ನನ್ನ ಬೆನ್ನಿನ ಮಾತು ಬಿಡಿ, ರೈಲಿನ ಎಂಟು ಡಬ್ಬಿ ಕಲ್ಲಿದ್ದಲು ಇದರ ಬೆನ್ನ ಮೇಲೆ ಇಳೀಬೇಕಲ್ಲ" ಅಂದ. ಅವನ ಬಾಯಿಗೆ ಬೀಗವಿಲ್ಲ. ಆದರೆ ಕೆಲಸದಲ್ಲಿ ಅವನಂಥವನು ಇನ್ನೊಬ್ಬನಿಲ್ಲ. ಅವನು ತಟ್ಟಿ ಸರಿ ಅಂದರೆ ಸರಿ.

ಒಂದು ಮಾತು ಕೇಳುತ್ತೇನೆ. ನಾನು ಮೂರನೇ ಇಯತ್ತೆ ಓದಿದವನು, ತಪ್ಪಾಗಿದ್ದರೆ ನಗು. ಬೋಲ್ಟ್ ತೂರಿಸುವ ಚೌಕ ತೂತುಗಳಿವೆಯಲ್ಲ, ಹಳೆಯ ಡಚ್ಚರ ಕಬ್ಬಿಣದಲ್ಲಿ ಅವುಗಳ ಮೂಲೆಗಳು ಹೆಬ್ಬೆರಳಲ್ಲಿ ಉಜ್ಜಿದ ಹಾಗೆ ದುಂಡಗಿವೆ. ನಿನ್ನವು ಕತ್ತಿಯ ಮೊನೆಯಂತೆ ಚೂಪು. ತಾಲಿಬನ ಬೆರಳು ಕೊಯ್ದು ರಕ್ತ ಬಂತು. ನೀನು ಕಳಿಸಿದ ನಕ್ಷೆಯನ್ನು ದೀಪದ ಹತ್ತಿರ ಹಿಡಿದು ನೋಡಿದೆ. ಅದರಲ್ಲಿ ಮೂಲೆ ದುಂಡಗಿದೆ. ನನಗೆ ನಕ್ಷೆ ಓದಲು ಬಾರದಿರಬಹುದು, ದುಂಡಗಿರುವುದು ಕಾಣುವುದಿಲ್ಲವೇ? ನಕ್ಷೆ ಬದಲಾಯಿತೋ, ಕಾರ್ಖಾನೆಯವರಿಗೆ ಓದಲು ಬರಲಿಲ್ಲವೋ?

ನಿನ್ನ ಅಮ್ಮ ಕ್ಷೇಮ. ಹೋದ ಶುಕ್ರವಾರ ಊರಿಗೆ ಹೋಗಿದ್ದೆ. ಹಲಸಿನಕಾಯಿ ಗುಲೈ ಮಾಡಿದ್ದಳು, ಉಪ್ಪು ಮರೆತಿದ್ದಳು, ನಾನು ಹೇಳಲಿಲ್ಲ. ನೀನು ಯಾವಾಗ ಮದುವೆಯಾಗುತ್ತೀಯೆಂದು ನನ್ನನ್ನೇ ಗದರಿದಳು. ಮಗನನ್ನು ತೊಡೆ ಮೇಲೆ ಕೂರಿಸು, ಅಳಿಯನನ್ನು ಕೈಹಿಡಿದು ನಡೆಸು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಸಮುದ್ರದಾಚೆ ಕುಳಿತವನ ಕೈ ಹಿಡಿಯುವುದು ಹೇಗೆ ಅಂತ ಹೇಳಲಿಲ್ಲ.

ಮಾವ,
ಜಮಾರಿಸ್


ಸುರಬಾಯ
2 ಏಪ್ರಿಲ್ 1974

ಮಾವ,

ನಿಮ್ಮ ಕಣ್ಣು ನಮ್ಮ ಪರಿಶೀಲನಾಧಿಕಾರಿಯ ಕಣ್ಣಿಗಿಂತ ಚುರುಕು. ಹೌದು, ಮೂಲೆ ಚೂಪಾಗಿದೆ. ತೂತು ಹೊಡೆಯುವ ಯಂತ್ರಕ್ಕೆ ದುಂಡು ಮೂಲೆಯ ಅಚ್ಚು ವಿದೇಶದಿಂದ ಬರಬೇಕಿತ್ತು, ಐದು ತಿಂಗಳಾಗುತ್ತದೆ ಎಂದರು. ಇದ್ದ ಅಚ್ಚಿನಲ್ಲೇ ಹೊಡೆದಿದ್ದಾರೆ. ಅದು ಕಾರ್ಖಾನೆಯವರ ವ್ಯವಹಾರ. ಲೆಕ್ಕ ಹಾಕಿ ನೋಡಿದ್ದೇನೆ, ತಗಡು ತಡೆಯಬಲ್ಲ ಭಾರದ ಅರ್ಧದಷ್ಟೂ ಬೀಳುವುದಿಲ್ಲ. ಚಿಂತೆ ಬೇಡ. ತಾಲಿಬ್ ಅವರ ಬೆರಳಿಗೆ ನನ್ನ ಕ್ಷಮಾಪಣೆ ತಿಳಿಸಿ.

ಆರು ತಿಂಗಳ ವರದಿ ಚೆನ್ನಾಗಿ ಬಂದರೆ ಹನ್ನೆರಡು ಸಾವಿರ ಸ್ಲೀಪರುಗಳ ಬೇಡಿಕೆ ಕಾದಿದೆ. ಪೂರ್ವ ಜಾವಾದ ಪ್ರಯಾಣಿಕರ ಮಾರ್ಗಕ್ಕೆ. ಹಾಗಾದರೆ ನಾನು ವಿನ್ಯಾಸ ವಿಭಾಗದ ಮುಖ್ಯಸ್ಥ. ಆಮೇಲೆ ಅಮ್ಮನಿಗೆ ಹೇಳಿ, ಹುಡುಗಿ ನೋಡಲಿ.

ಪ್ರತಿ ತಿಂಗಳೂ ಬರೆಯಿರಿ. ಕಚೇರಿಯ ವರದಿಯಲ್ಲಿ ಇರದ್ದನ್ನೂ ಬರೆಯಿರಿ.

ನುಸಿರ್ವಾನ್


ಕಯು ಲಿಮೋ
20 ಜುಲೈ 1974

ಬುಯುಂಗ್,

ಮೂರು ತಿಂಗಳೂ ಎಲ್ಲ ಸರಿಯಾಗಿದೆ ಎಂದು ಬರೆದೆ, ಸರಿಯಾಗಿಯೇ ಇತ್ತು. ಈಗ ಬರೆಯುವುದು ಬೇರೆ.

ಹೋದ ಸೋಮವಾರ ತಾಲಿಬ್ ಇಳಿಜಾರಿನ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದ. ನಾನು ಹೋದೆ. "ಮಂದೋರ್, ಕಿವಿ ಕೊಡಿ" ಅಂದ. ಒಂದರ ಮೇಲೆ ಸುತ್ತಿಗೆ ಹಾಕಿದ, ಗಂಟೆಯಂತೆ ಉಲಿಯಿತು. ಅದರ ಪಕ್ಕದ್ದರ ಮೇಲೆ ಹಾಕಿದ. ಒಡೆದ ಮಡಕೆಯ ಸದ್ದು. ಬೋಲ್ಟ್ ಬಿಚ್ಚಿ ತುಕ್ಕು ಉಜ್ಜಿ ನೋಡಿದೆವು. ತೂತಿನ ಮೂಲೆಯಿಂದ ಕೂದಲೆಳೆಯಂಥ ಬಿರುಕು ಹೊರಟಿದೆ, ಕಿರುಬೆರಳಿನ ಒಂದು ಗೆಣ್ಣು ಉದ್ದ. ಯಾವ ಮೂಲೆ ಎಂದು ನಾನು ಹೇಳಬೇಕಾಗಿಲ್ಲ.

ಅಂಥವು ಏಳು ಸಿಕ್ಕಿವೆ. ಏಳೂ ಹಲ್ಲುಕಂಬಿ ಕೂತಿರುವ ಕಡೆಯವು. ನಮ್ಮ ಘಾಟಿಯಲ್ಲಿ ಎಂಜಿನ್ನಿನ ಹಲ್ಲುಚಕ್ರ ನಡುವಿನ ಆ ಕಂಬಿಯನ್ನು ಕಚ್ಚಿ ಕಚ್ಚಿ ಇಳಿಯುತ್ತದೆ. ತುಂಬಿದ ಗಾಡಿ ಇಳಿಯುವಾಗ ಅಷ್ಟೂ ಭಾರ ಆ ಕಂಬಿಯನ್ನು ಕೆಳಕ್ಕೆ ನೂಕುತ್ತದೆ, ಕಂಬಿ ಸ್ಲೀಪರನ್ನು ನೂಕುತ್ತದೆ. ನಿನ್ನ ಲೆಕ್ಕದಲ್ಲಿ ಮೇಲಿಂದ ಬೀಳುವ ಭಾರ ಇರಬಹುದು. ಈ ನೂಕುವ ಭಾರ ಇತ್ತೋ ಇಲ್ಲವೋ ನನಗೆ ತಿಳಿಯದು.

ಮುಂದಿನ ತಿಂಗಳ ಕೊನೆಗೆ ಆರು ತಿಂಗಳ ವರದಿ ಹೋಗಬೇಕು. "ಏಳು ಒಡೆದಿವೆ ಅಂತ ಬರೀರಿ, ಮುಗೀತು" ಅನ್ನುತ್ತಾನೆ ತಾಲಿಬ್. ಮೂವತ್ತೊಂದು ವರ್ಷದಲ್ಲಿ ವರದಿ ಬರೆಯಲು ನಾನು ಯಾರನ್ನೂ ಕೇಳಿದವನಲ್ಲ. ಈಗ ನಿನ್ನನ್ನು ಕೇಳುತ್ತಿದ್ದೇನೆ. ಏನು ಬರೆಯಲಿ?

ಜಮಾರಿಸ್


ಸುರಬಾಯ
3 ಆಗಸ್ಟ್ 1974
(ತುರ್ತು ಅಂಚೆ)

ಮಾವ,

ನಿಮ್ಮ ಪತ್ರ ಓದಿದ ದಿನ ಊಟ ಸೇರಲಿಲ್ಲ. ಆಮೇಲೆ ಸಮಾಧಾನದಿಂದ ಯೋಚಿಸಿದೆ.

ಕೂದಲೆಳೆಯಂಥ ಗೆರೆಗಳೆಲ್ಲ ಬಿರುಕಲ್ಲ. ತಗಡನ್ನು ಕಾಯಿಸಿ ಒತ್ತುವಾಗ ಮೇಲ್ಪದರ ಸೀಳುವುದುಂಟು, ಒಳಗೆ ಗಟ್ಟಿಯಾಗಿಯೇ ಇರುತ್ತದೆ. ತಾಲಿಬ್ ಅವರಿಗೆ ಮೊದಲಿನಿಂದಲೂ ಈ ಸ್ಲೀಪರಿನ ಮೇಲೆ ಪ್ರೀತಿ ಇಲ್ಲ. ಡಚ್ಚರ ಕಬ್ಬಿಣದ ಜೊತೆ ಬೆಳೆದ ಕಿವಿಗೆ ತೆಳು ತಗಡಿನ ಸದ್ದು ಬೇರೆಯಾಗಿಯೇ ಕೇಳುತ್ತದೆ. ಇನ್ನೂರ ನಲವತ್ತರಲ್ಲಿ ಏಳು ಎಂದರೆ ನೂರಕ್ಕೆ ಮೂರೂ ಆಗಲಿಲ್ಲ.

ಸಮಿತಿ ಸೆಪ್ಟೆಂಬರ್ ಹದಿನೈದಕ್ಕೆ ಕೂರುತ್ತದೆ. ಅಲ್ಲಿ 'ಬಿರುಕು' ಎಂಬ ಒಂದು ಮಾತು ಬಿದ್ದರೆ ಸಾಕು, ಹೊರದೇಶದ ಸ್ಲೀಪರು ಮಾರುವವರು ಬಾಗಿಲಲ್ಲೇ ನಿಂತಿದ್ದಾರೆ. ನಮ್ಮವನೊಬ್ಬ ಮಾಡಿದ ಸಾಮಾನು ಅಲ್ಲಿಗೆ ಮುಗಿಯಿತು. ಬೇಡಿಕೆ ಕೈಗೆ ಬರಲಿ, ದುಂಡು ಮೂಲೆಯ ಅಚ್ಚನ್ನು ತರಿಸುವ ಹೊಣೆ ನನ್ನದು. ನಿಮ್ಮ ಇನ್ನೂರ ನಲವತ್ತನ್ನೂ ಬದಲಾಯಿಸಿ ಕೊಡುತ್ತೇನೆ. ಉಪವಾಸದ ಹಬ್ಬಕ್ಕೆ ಅಕ್ಟೋಬರಿನಲ್ಲಿ ನಾನೇ ಬಂದು ಒಂದೊಂದನ್ನೂ ನೋಡುತ್ತೇನೆ.

ಅಲ್ಲಿಯವರೆಗೆ ಆ ಏಳನ್ನು ಇಳಿಜಾರಿನಿಂದ ತೆಗೆದು ನಿಲ್ದಾಣದ ಹತ್ತಿರದ ಸಮತಟ್ಟಿಗೆ ಹಾಕಿ. ವರದಿಯನ್ನು ಟೈಪ್ ಮಾಡಿಸಿ ಇದರೊಳಗೆ ಇಟ್ಟಿದ್ದೇನೆ, ನಿಮಗೆ ಬರೆಯುವ ಶ್ರಮ ಬೇಡ ಎಂದು. ಕೆಳಗೆ ಸಹಿ ಹಾಕಿದರೆ ಸಾಕು.

ಎರಡು ತಿಂಗಳು, ಮಾವ. ಅಷ್ಟೇ ಕೇಳುತ್ತಿರುವುದು.

ನುಸಿರ್ವಾನ್


ಕಯು ಲಿಮೋ
21 ಆಗಸ್ಟ್ 1974

ಬುಯುಂಗ್,

ಸಹಿ ಹಾಕಿ ಕಳಿಸಿದ್ದೇನೆ. 'ಯಾವ ದೋಷವೂ ಕಂಡುಬಂದಿಲ್ಲ' ಎಂದು ಟೈಪಾಗಿತ್ತು. ಒಳ್ಳೆಯ ಕಾಗದ.

ಏಳನ್ನೂ ಸಮತಟ್ಟಿಗೆ ಹಾಕಿಸಿದೆ. ತಾಲಿಬ್ ಕೆಲಸ ಮುಗಿಸಿದ. ಕೊನೆಗೆ ಸುತ್ತಿಗೆ ಒರೆಸುತ್ತಾ, "ನಾನು ತಟ್ಟಿ ಹೇಳ್ತೀನಿ, ನೀವು ಬರೀತೀರಿ, ಹೀಗೇ ಹದಿನಾಲ್ಕು ವರ್ಷ ಆಯ್ತು. ಇನ್ಮೇಲೆ ತಟ್ಟೋದು ಯಾಕೆ ಅಂತ ಹೇಳಿ" ಅಂದ. ಮೂರು ದಿನದಿಂದ ನನ್ನ ಜೊತೆ ಕಾಫಿಗೆ ಕೂರುತ್ತಿಲ್ಲ.

ಹಬ್ಬಕ್ಕೆ ಬಾ. ಖಂಡಿತ ಬಾ.

ಜಮಾರಿಸ್


ಸುರಬಾಯ
30 ಸೆಪ್ಟೆಂಬರ್ 1974

ಮಾವ,

ಗೆದ್ದೆವು. ಹನ್ನೆರಡು ಸಾವಿರವೂ ನಮಗೇ ಬಂತು. ಸಮಿತಿಯಲ್ಲಿ ನಿಮ್ಮ ವರದಿಯನ್ನು ಗಟ್ಟಿಯಾಗಿ ಓದಿದರು. "ಮೂವತ್ತು ವರ್ಷ ಘಾಟಿಯಲ್ಲಿ ದುಡಿದ ಮನುಷ್ಯನ ಮಾತು ಇದು" ಎಂದು ಅಧ್ಯಕ್ಷರು ಹೇಳಿದಾಗ ನನ್ನ ಕಣ್ಣು ತುಂಬಿತು.

ಹಬ್ಬಕ್ಕೆ ಬರಲಾಗುತ್ತಿಲ್ಲ. ಒತ್ತುಯಂತ್ರ ಎರಡು ಪಾಳಿಯಲ್ಲಿ ನಡೆಯುತ್ತಿದೆ, ಹಂದೋಕೊ ಅವರು ರಜೆಯ ಮಾತನ್ನೇ ಎತ್ತಬೇಡ ಅಂದರು. ಹೊಸ ಅಚ್ಚಿಗೆ ಪತ್ರ ಬರೆದಾಗಿದೆ. ಅದು ಬರುವ ತನಕ ಇದ್ದುದರಲ್ಲೇ ಹೊಡೆಯುತ್ತಿದ್ದಾರೆ. ನಿಮಗೆ ಉಡಲು ಒಂದು ಸಾಮರಿಂಡಾ ಸರೋಂಗ್, ಅಮ್ಮನಿಗೆ ಬಟ್ಟೆ ಕಳಿಸಿದ್ದೇನೆ. ತಾಲಿಬ್ ಅವರಿಗೂ ಒಂದು ಅಂಗಿ.

ಒಂದು ತಿಂಗಳಿಂದ ನೀವು ಬರೆದಿಲ್ಲ. ತೊಂದರೆಯಿದ್ದರೆ ಬರೆಯದೆ ಬಿಡುವವರಲ್ಲ ನೀವು, ಹಾಗಾಗಿ ನೆಮ್ಮದಿಯಿಂದಿದ್ದೇನೆ.

ನುಸಿರ್ವಾನ್


ಕಯು ಲಿಮೋ
24 ನವೆಂಬರ್ 1974

ನುಸಿರ್ವಾನ್,

ತಂತಿ ತಲುಪಿರಬೇಕು. ತಂತಿಯಲ್ಲಿ ಹೇಳಲಾಗದ್ದನ್ನು ಬರೆಯುತ್ತೇನೆ. ಮಧ್ಯದಲ್ಲಿ ನಿಲ್ಲಿಸಿದರೆ ಮತ್ತೆ ಬರೆಯಲಾರೆ.

ಮೂರು ದಿನ ಬಿಡದೆ ಮಳೆ. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ತಾಲಿಬ್ ಇಳಿಜಾರಿನಿಂದ ಓಡಿಬಂದ. "ಹಲ್ಲುಕಂಬಿ ಜಾರಿದೆ, ಎರಡು ಬೆರಳು ಬಿಟ್ಕೊಂಡಿದೆ" ಅಂದ. ಮೇಲಿನ ನಿಲ್ದಾಣಕ್ಕೆ ಫೋನ್ ಮಾಡಿಸಿದೆ. ಕಲ್ಲಿದ್ದಲ ಗಾಡಿ ಆಗಲೇ ಹೊರಟಿದೆ ಅಂದರು. "ಕೆಂಪು ಬಾವುಟ ತಗೊಂಡು ಮೇಲಕ್ಕೆ ಹೋಗು" ಅಂದೆ. ನಾನೇ ಅಂದೆ. ಅವನು ಹೋದ. ಹೋಗುವ ಮೊದಲು ನನ್ನ ಮುಖ ನೋಡಿದ. ಬೈದಿದ್ದರೆ ಚೆನ್ನಾಗಿತ್ತು.

ನಾನು ಹಿಂದೆಯೇ ಹತ್ತಿದೆ. ನನ್ನ ಮೊಣಕಾಲು ನಿನಗೆ ಗೊತ್ತು. ತಿರುವಿನ ಕೆಳಗಿದ್ದೆ. ಡ್ರೈವರ್ ಸುಕೀಮಾನ್ ಬಾವುಟ ನೋಡಿ ಬ್ರೇಕ್ ಹಾಕಿದ. ಹಾಕಲೇಬೇಕು, ಯಾರಾದರೂ ಹಾಕುತ್ತಾರೆ. ಹಾಕಿದೊಡನೆ ಎಂಟು ಡಬ್ಬಿಗಳ ಭಾರವೂ ಒಮ್ಮೆಗೇ ಆ ಕಂಬಿಯ ಮೇಲೆ ಬಂತು. ಸ್ಲೀಪರುಗಳು ಹರಿಯುವುದು ನನಗೆ ಕೇಳಿಸಿತು. ಹಳೇ ಬಟ್ಟೆಯ ಹೊಲಿಗೆ ಬಿಚ್ಚಿದ ಹಾಗೆ, ಒಂದಾದ ಮೇಲೆ ಒಂದು. ಹಲ್ಲುಚಕ್ರದ ಹಿಡಿತ ತಪ್ಪಿತು. ಆಮೇಲೆ ಅದು ಗಾಡಿಯಾಗಿರಲಿಲ್ಲ, ಬೆಟ್ಟದಿಂದ ಉರುಳುವ ಬಂಡೆ. ತಾಲಿಬ್ ನಿಂತಿದ್ದದ್ದು ಬೆಟ್ಟ ಕಡಿದು ಹಳಿ ಹಾಕಿದ ಕಡೆ. ಎರಡೂ ಬದಿಗೆ ಕಲ್ಲಿನ ಗೋಡೆ. ಸರಿಯಲು ಜಾಗವಿಲ್ಲ.

ಸುಕೀಮಾನ್ ಹೋದ. ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಅವನ ಬೆಂಕಿಯಾಳು ಮರುದಿನ ಆಸ್ಪತ್ರೆಯಲ್ಲಿ ಹೋದ. ತಾಲಿಬನನ್ನು ನಾನು ಗುರುತಿಸಿದೆ. ನೀನು ಕಳಿಸಿದ ಅಂಗಿ ಹಾಕಿದ್ದ.

ಈಗ ನಾನು ನಿನಗೆ ಹೇಳದಿದ್ದದ್ದು. ಏಳು ಎಂದು ಬರೆದೆನಲ್ಲ, ಸಹಿ ಹಾಕಿದ ದಿನವೇ ಅವು ಹತ್ತೊಂಬತ್ತು ಆಗಿದ್ದವು. ಹಬ್ಬದ ಹೊತ್ತಿಗೆ ಮೂವತ್ತನಾಲ್ಕು. ಸಮತಟ್ಟಿನಲ್ಲಿ ಜಾಗ ಮುಗಿದಿತ್ತು. ಉಳಿದವಕ್ಕೆ ಪಟ್ಟಿ ಇಟ್ಟು ಬೆಸುಗೆ ಹಾಕಿಸಿದೆ. ನೀನು ಬಂದರೆ ಕಣ್ಣಾರೆ ನೋಡುತ್ತೀಯ, ಅಲ್ಲಿಯವರೆಗೆ ಹೆದರಿಸುವುದು ಬೇಡ ಅನ್ನಿಸಿತು. ನೀನು ಬರುವುದಿಲ್ಲ ಎಂದು ತಿಳಿದ ಮೇಲೆ ಬರೆಯಲು ಕೂತೆ. 'ಮೂವತ್ತು ವರ್ಷ ದುಡಿದವನ ಮಾತು' ಎಂದು ಅವರು ಅಂದದ್ದನ್ನು ನೀನು ಬರೆದಿದ್ದೆಯಲ್ಲ. ಆ ಪತ್ರವನ್ನು ಮತ್ತೊಮ್ಮೆ ಓದಿ, ಪೆನ್ನು ಕೆಳಗಿಟ್ಟೆ.

ವಿಚಾರಣೆಯವರು ಬಂದಿದ್ದಾರೆ. ನಿಮ್ಮ ಹಂದೋಕೊ ಕೂಡ ಬಂದಿದ್ದಾರೆ. ಬೋಲ್ಟಿನ ಬಿಗಿ ನಾನು ನೋಡಲಿಲ್ಲ, ಮಳೆಯಲ್ಲಿ ಉದಾಸೀನ ಮಾಡಿದೆ ಎಂದು ಹೇಳಿದೆ. ಬರೆದುಕೊಂಡರು. "ಬಿರುಕು ಏನಾದ್ರೂ ಕಂಡಿತ್ತಾ?" ಅಂತ ಕೇಳಿದರು. "ಇಲ್ಲ" ಅಂದೆ. ಹಂದೋಕೊ ನನ್ನ ಕೈ ಹಿಡಿದು, "ವಯಸ್ಸಾಯ್ತು ಬಿಡಿ, ಎಲ್ಲರಿಗೂ ಆಗುತ್ತೆ" ಅಂದರು.

ನನಗೆ ಐವತ್ತಾರು ವರ್ಷ. ನನ್ನದು ಮುಗಿಯಿತು, ನಿನ್ನದು ಈಗ ಶುರು. ನನ್ನ ಪತ್ರಗಳನ್ನು ಸುಟ್ಟುಬಿಡು. ನಿನ್ನವನ್ನು ನಾನು ಒಲೆಗೆ ಹಾಕಿದ್ದೇನೆ.

ಮಾವ


ಸುರಬಾಯ
16 ಜನವರಿ 1975

ಮಾವ,

ಐವತ್ತಮೂರು ದಿನ ನಿಮಗೆ ಉತ್ತರ ಬರೆಯಲಿಲ್ಲ. ಮೊದಲ ಕೆಲವು ವಾರ ನಾನು ಮಾಡಿದ್ದೇನು ಎಂದು ನಿಮಗೆ ಗೊತ್ತಾಗಬೇಕು. ನಿಮ್ಮ ಮಾತು ಕೇಳಿದೆ. ಸುಮ್ಮನಿದ್ದೆ. ಕಚೇರಿಗೆ ಹೋಗಿ ಹೊಸ ಕುರ್ಚಿಯಲ್ಲಿ ಕೂತು ಬಂದೆ. ಮೇಸ್ತ್ರಿಯ ಉದಾಸೀನದಿಂದ ಅಪಘಾತ ಎಂದು ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಅದನ್ನು ಓದಿ, ಮಡಿಸಿ, ಮೇಜಿನೊಳಗೆ ಇಟ್ಟೆ.

ಮೂಲೆಯ ವಿಷಯ 'ಕಾರ್ಖಾನೆಯವರ ವ್ಯವಹಾರ' ಎಂದು ಬರೆದಿದ್ದೆ. ಸುಳ್ಳು. ದುಂಡು ಮೂಲೆಯನ್ನು ಚೂಪಾಗಿ ಬದಲಿಸುವ ಚೀಟಿ ನನ್ನ ಮೇಜಿಗೇ ಬಂತು. ಹಂದೋಕೊ ಅವರು, "ಒಂದು ಮೂಲೆಗೆ ಐದು ತಿಂಗಳು ಕಾಯ್ತೀಯೇನಯ್ಯ?" ಅಂದರು. ಯಾರೂ ನನ್ನ ಕೈ ತಿರುಚಲಿಲ್ಲ. ಮೂಲೆ ಚೂಪಾದರೆ ಭಾರವೆಲ್ಲ ಅಲ್ಲೇ ಬಂದು ಕೂರುತ್ತದೆ ಎಂದು ತಾಂತ್ರಿಕ ಶಾಲೆಯ ಎರಡನೇ ವರ್ಷದಲ್ಲೇ ಕಲಿಸಿದ್ದರು. ಗೊತ್ತಿದ್ದೂ ಸಹಿ ಹಾಕಿದೆ. ನೂಕುವ ಭಾರದ ಬಗ್ಗೆ ನೀವು ಕೇಳಿದಿರಿ. ಅದನ್ನು ನಾನು ಲೆಕ್ಕಕ್ಕೆ ಹಿಡಿದಿದ್ದೆ, ಆದರೆ ನಿಧಾನವಾಗಿ ಇಳಿಯುವ ಗಾಡಿಯದ್ದು. ಹಠಾತ್ತನೆ ಬ್ರೇಕ್ ಬಿದ್ದ ಗಾಡಿಯದ್ದಲ್ಲ.

ಡಿಸೆಂಬರ್ ಕೊನೆಗೆ ಪೂರ್ವದ ಮಾರ್ಗ ನೋಡಲು ಕಳಿಸಿದರು. ನಾಲ್ಕು ಸಾವಿರ ಹಾಸಿಯಾಗಿದೆ. ಒಂದು ಸೇತುವೆಯ ತಲೆಗೆ ನಿಂತಿದ್ದೆ. ಬೆಳಗಿನ ಗಾಡಿ ಬಂತು, ಮಾರುಕಟ್ಟೆಗೆ ಹೋಗುವ ಹೆಂಗಸರು, ಕೋಳಿ ಬುಟ್ಟಿ, ಬಾಗಿಲಲ್ಲಿ ಜೋತುಬಿದ್ದ ಜನ. ಗಾಡಿ ಹೋದ ಮೇಲೆ ಅಲ್ಲಿನ ಗ್ಯಾಂಗಿನವನ ಕೈಯಿಂದ ಸುತ್ತಿಗೆ ಇಸಕೊಂಡು ತಟ್ಟುತ್ತಾ ನಡೆದೆ. "ಏನ್ ಹುಡುಕ್ತಿದೀರಾ ಸಾರ್?" ಅಂದ. ಐವತ್ತನೆಯದೋ ಅರವತ್ತನೆಯದೋ, ಒಡೆದ ಮಡಕೆಯಂತೆ ಸದ್ದು ಮಾಡಿತು. ನನ್ನ ಕಿವಿಗೂ ಕೇಳಿಸಿತು, ಮಾವ. ಅದಕ್ಕೆ ಡಚ್ಚರ ಕಬ್ಬಿಣದ ಜೊತೆ ಬೆಳೆದಿರಬೇಕಾಗಿಲ್ಲ.

ಹಂದೋಕೊ ಅವರಿಗೆ ಹೇಳಿದೆ. "ನಿಮ್ಮ ಮಾವನೇ ತಪ್ಪು ಒಪ್ಪಿಕೊಂಡು ಆಯ್ತಲ್ಲ. ಇನ್ನು ನೀನ್ಯಾಕೆ ಕೆದಕ್ತೀಯ?" ಅಂದರು.

ನಿಮ್ಮ ಪತ್ರಗಳನ್ನು ಸುಡಲಿಲ್ಲ. ನಿನ್ನೆ ಎಲ್ಲವನ್ನೂ ವಿಚಾರಣೆಯವರ ಕೈಗೆ ಕೊಟ್ಟೆ. ನಿಮ್ಮ ಕೊನೆಯ ಪತ್ರವನ್ನೂ. ಆ ಟೈಪಾದ ವರದಿ ಬರೆದವನು ನಾನು ಎಂದು ಹೇಳಿಕೆ ಕೊಟ್ಟೆ, ಮೂಲೆ ಬದಲಿಸಿದ ಚೀಟಿಯ ಪ್ರತಿಯನ್ನೂ ಕೊಟ್ಟೆ. ಬರಿಯ ನನ್ನ ಮಾತನ್ನು ಅವರು ನಂಬುತ್ತಿರಲಿಲ್ಲ. ಏಳು, ಹತ್ತೊಂಬತ್ತು, ಮೂವತ್ತನಾಲ್ಕು ಎಂದು ನಿಮ್ಮ ಕೈಬರಹದಲ್ಲಿ ಇರುವುದೇ ಸಾಕ್ಷಿ. ನಿನ್ನೆ ಸಂಜೆಯೇ ಪೂರ್ವದ ಮಾರ್ಗದಲ್ಲಿ ಗಾಡಿ ನಿಲ್ಲಿಸಿದರು.

ಇದರಿಂದ ನಿಮಗೆ ಏನಾಗುತ್ತದೆ ಎಂದು ಗೊತ್ತಿತ್ತು. ಉದಾಸೀನಕ್ಕೆ ಕೆಲಸ ಹೋಗುತ್ತದೆ, ಸುಳ್ಳು ವರದಿಗೆ ಜೈಲು. ನಿಮ್ಮನ್ನು ಕೇಳಿ ಮಾಡಬೇಕಿತ್ತು. ಕೇಳಿದ್ದರೆ ನೀವು ಬೇಡ ಅನ್ನುತ್ತಿದ್ದಿರಿ, ನಾನು ಒಪ್ಪಿಬಿಡುತ್ತಿದ್ದೆ. ಅದಕ್ಕೇ ಕೇಳಲಿಲ್ಲ.

ಕ್ಷಮಿಸಿ ಎಂದು ಬರೆಯುವ ಮುಖವಿಲ್ಲ.

ನುಸಿರ್ವಾನ್


ಪಾದಂಗ್ ಪಾಂಜಾಂಗ್
9 ಮಾರ್ಚ್ 1975

ಬುಯುಂಗ್,

ನಿನ್ನ ಪತ್ರ ಬಂದು ತಿಂಗಳಾಯಿತು. ಮೊದಲು ಕೋಪ ಬಂತು. ನಾನು ಕಟ್ಟಿದ ಮನೆಯನ್ನು ಹೇಳದೆ ಕೇಳದೆ ಕೆಡವಿದ ಹಾಗೆ. ಸುಳ್ಳಿನ ಮನೆಯೇ ಆದರೂ ಕಟ್ಟಿದವನು ನಾನಲ್ಲವೇ. ಆಮೇಲೆ ಆ ಸೇತುವೆ, ಆ ಕೋಳಿ ಬುಟ್ಟಿಯ ಹೆಂಗಸರ ಸಾಲನ್ನು ಮತ್ತೆ ಮತ್ತೆ ಓದಿದೆ. ನೀನು ಮಾಡಿದ್ದು ಸರಿ. ಈ ಒಂದು ವಾಕ್ಯ ಬರೆಯಲು ನನಗೆ ಇಷ್ಟು ದಿನ ಹಿಡಿಯಿತು.

ರೈಲ್ವೆ ಮನೆ ಬಿಟ್ಟಿದ್ದೇನೆ. ನಿನ್ನ ಅಮ್ಮನ ಮನೆಯಲ್ಲಿದ್ದೇನೆ. ಪೊಲೀಸರು ವಾರಕ್ಕೆರಡು ಸಲ ಠಾಣೆಗೆ ಬಂದು ಸಹಿ ಹಾಕು ಎಂದಿದ್ದಾರೆ. ಮೊಕದ್ದಮೆ ಏಪ್ರಿಲಿನಲ್ಲಿ. ಎರಡು ವರ್ಷ ಆಗಬಹುದು ಎಂದು ವಕೀಲ ಹೇಳಿದ. ನಿನಗೂ ಕೋರ್ಟಿನ ಕರೆ ಬಂದಿದೆ ಎಂದು ಕೇಳಿದೆ. ಅಕ್ಕ ರಾಫಿಯಾ ನಮ್ಮಿಬ್ಬರ ಹೆಸರನ್ನೂ ಎತ್ತುವುದಿಲ್ಲ. ಮಗ ಮತ್ತು ತಮ್ಮ, ಅವಳು ಯಾರ ಪರ ಅಳಬೇಕು? ಅನ್ನ ಬಡಿಸಿ ಒಳಗೆ ಹೋಗುತ್ತಾಳೆ.

ವಿಚಾರಣೆಯವರ ಜೊತೆ ಇಳಿಜಾರಿಗೆ ಹೋಗಿದ್ದೆ. ಯಾವುದನ್ನು ಎಲ್ಲಿಂದ ತೆಗೆದು ಎಲ್ಲಿಗೆ ಹಾಕಿದ್ದೆ, ಎಲ್ಲಿ ಬೆಸುಗೆ ಹಾಕಿಸಿದ್ದೆ, ಎಲ್ಲ ತೋರಿಸಿದೆ. ಎಲ್ಲವನ್ನೂ ಕಿತ್ತು ರಾಶಿ ಹಾಕಿದ್ದಾರೆ. ಒಡೆದವು ಅರವತ್ತೊಂದು.

ಹೋದ ಬುಧವಾರ ನಮ್ಮ ಪತ್ರಗಳನ್ನು ವಿಚಾರಣೆಯ ಸಭೆಯಲ್ಲಿ ಗಟ್ಟಿಯಾಗಿ ಓದಿಸಿದರು. ನನ್ನವಷ್ಟೇ ಇದ್ದವು. ನಿನ್ನವು ಇಲ್ಲದ್ದರಿಂದ ನಾನು ಗೋಡೆಯ ಜೊತೆ ಮಾತಾಡಿದಂತೆ ಕೇಳಿಸಿತು. ಉಪ್ಪಿಲ್ಲದ ಗುಲೈ ಬಗ್ಗೆ ಬರೆದದ್ದನ್ನೂ ಓದಿದರು, ಗುಮಾಸ್ತ ನಕ್ಕ. ಬಿಸ್ಕತ್ ಡಬ್ಬಿಯ ಮುಚ್ಚಳ ಎಂಬ ಮಾತು ಬಂದಾಗ ಯಾರೂ ನಗಲಿಲ್ಲ. ತಾಲಿಬನ ಹೆಂಡತಿ ನೂರ್ಲಿಸ್ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಅವಳು ಬಂದಿರುವುದು ನನಗೆ ಗೊತ್ತಿರಲಿಲ್ಲ.

ಮುಗಿದ ಮೇಲೆ ಹೊರಗೆ ಮೆಟ್ಟಿಲ ಮೇಲೆ ನನಗಾಗಿ ಕಾದಿದ್ದಳು. ಅಲ್ಲಿಯವರೆಗೆ ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ವಯಸ್ಸಾದವನ ಮರೆವು ಎಂದುಕೊಂಡಿದ್ದಳು. ತಾಲಿಬ್ ಹೋದ ಮೇಲೂ ಡಿಸೆಂಬರಿನ ಹಬ್ಬಕ್ಕೆ ಅಕ್ಕಿ ಹಿಟ್ಟಿನ ತಿಂಡಿ ಕಳಿಸಿದ್ದಳು, ನಾನು ತಿಂದಿದ್ದೆ.

"ಮಂದೋರ್, ಒಂದು ಮಾತು ಕೇಳ್ತೀನಿ, ನಿಜ ಹೇಳಿ. ಒಡೆದಿದೆ ಅಂತ ನನ್ನ ಗಂಡ ನಿಮಗೆ ಹೇಳಿದ್ರು. ನೀವು ಬರೀಲಿಲ್ಲ. ಹೆದರಿಕೆಗೆ ಬರೀಲಿಲ್ವೋ, ಅಳಿಯನ ಮೇಲಿನ ಪ್ರೀತಿಗೋ?"

"ಎರಡೂ ಇತ್ತಮ್ಮ" ಅಂದೆ.

ಅವಳು ಅಳಲಿಲ್ಲ. ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡಳು. "ಎರಡಕ್ಕೂ ನನ್ನ ಗಂಡನೇ ಬೇಕಿತ್ತಾ?" ಅಂದಳು.

ಮೆಟ್ಟಿಲಿಳಿದು ಹೋದಳು. ಕಿರಿಯ ಮಗಳು ಬೀದಿಯಾಚೆ ನಿಂತಿದ್ದಳು, ಅವಳ ಕೈ ಹಿಡಿದುಕೊಂಡಳು. ನಾನು ಅಲ್ಲೇ ನಿಂತೆ. ಕಾವಲಿನವನು ಬಂದು ಬಾಗಿಲು ಹಾಕಬೇಕು ಎಂದು ಹೇಳುವ ತನಕ.

ಅವಳು ಕೇಳಿದ್ದು ನಿನಗೂ ಸೇರಿದ್ದು. ನನಗೆ ಇನ್ನು ಬರೆಯಬೇಡ, ಬರೆಯುವುದಿದ್ದರೆ ಅವಳಿಗೆ ಬರೆ. ಅವಳಿಗೆ ಓದಲು ಬರುತ್ತದೆ. ವಿಳಾಸ ಇದು:

ನೂರ್ಲಿಸ್,
ತಾಲಿಬನ ಮನೆ,
ನಿಲ್ದಾಣದ ಹಿಂಬದಿ,
ಕಯು ಲಿಮೋ.